ಇಮ್ಯುನಾಲಜಿ ಓದಿ ಕ್ರಾಸ್‌ಮ್ಯಾಚ್ ಲ್ಯಾಬ್ ಸೇರಿದ್ದು

ಇಮ್ಯುನಾಲಜಿಯಲ್ಲಿ (ದೇಹದ ರೋಗನಿರೋಧಕ ಶಕ್ತಿಯ ವಿಜ್ಞಾನದಲ್ಲಿ) ಎಂ.ಎಸ್ಸಿ. ಓದುತ್ತಿದ್ದೇನೆ ಅಂದರೆ ಎದುರಿಗಿದ್ದವರಿಂದ ಬರುತ್ತಿದ್ದ ಮೊದಲ ಮಾತು, "ಹಾಗಾದ್ರೆ ಡಾಕ್ಟರ್ ಆಗ್ತೀರ?" ಎರಡನೆಯದು, "ಇಮ್ಯುನಿಟಿ ಜಾಸ್ತಿ ಆಗೋಕೆ ಏನ್ ಮಾಡ್ಬೇಕು ಹೇಳಿ." ಎರಡಕ್ಕೂ ಅವರು ಬಯಸಿದ ಉತ್ತರ ನನ್ನಲ್ಲಿ ಇರಲಿಲ್ಲ. ಈ ಪದವಿ ಮುಗಿಸಿದವರು ಡಾಕ್ಟರ್ ಆಗುವುದಿಲ್ಲ. ರೋಗಿಗಳನ್ನು ನೋಡಬೇಕು ಅನ್ನುವವರು ಮೊದಲು ವೈದ್ಯಕೀಯ ಪದವಿ ಮುಗಿಸಿ, ಆಮೇಲೆ ಕ್ಲಿನಿಕಲ್ ಇಮ್ಯುನಾಲಜಿಯಲ್ಲಿ ವಿಶೇಷ ತರಬೇತಿ ಪಡೆಯಬೇಕು. ಅದು ಬೇರೆಯೇ ದಾರಿ. ಇನ್ನು ಇಮ್ಯುನಿಟಿ ಜಾಸ್ತಿ ಮಾಡಿಕೊಳ್ಳುವ ವಿಚಾರ. ಅದು ಹದ ಮೀರಿದರೆ ಏನಾಗುತ್ತದೆ ಅನ್ನುವುದೇ ನಮ್ಮ ಸಿಲೆಬಸ್ಸಿನ ದೊಡ್ಡ ಪಾಲು: ಅಲರ್ಜಿ, ರುಮಟಾಯ್ಡ್ ಸಂಧಿವಾತ, ಟೈಪ್ 1 ಮಧುಮೇಹ, ಲೂಪಸ್. ಹೀಗಂದರೆ ಕೇಳಿದವರ ಉತ್ಸಾಹ ಅಲ್ಲಿಗೇ ಇಳಿದುಹೋಗುತ್ತಿತ್ತು.

ಯಾರೂ ಕೇಳದೆ ಉಳಿದ ಪ್ರಶ್ನೆ ಇನ್ನೊಂದಿತ್ತು. ಇಷ್ಟೆಲ್ಲ ಓದಿದ ಮೇಲೆ ನನಗೆ ಸಂಬಳ ಕೊಡುವವರು ಯಾರು, ಯಾತಕ್ಕಾಗಿ ಕೊಡುತ್ತಾರೆ? ಅಂಗಾಂಗ ಕಸಿಗೆ ಮುಂಚೆ ದಾನಿಗೂ ರೋಗಿಗೂ ಹೊಂದುತ್ತದೆಯೇ ಅಂತ ನೋಡುವ ರಕ್ತಪರೀಕ್ಷೆ (ಕ್ರಾಸ್‌ಮ್ಯಾಚ್) ಮಾಡುವ ಲ್ಯಾಬೊಂದರಲ್ಲಿ ಈಗ ಕೆಲಸ ಮಾಡುತ್ತಿದ್ದೇನೆ. ರೋಗ ಎದುರಿಸುವ ಟಿ ಸೆಲ್ ಅನ್ನುವ ಬಿಳಿ ರಕ್ತಕಣದ ಬಗ್ಗೆ ನನಗೆ ಎಷ್ಟು ಗೊತ್ತಿದೆ ಅಂತ ನೋಡಿ ಇಲ್ಲಿಗೆ ತೆಗೆದುಕೊಂಡಿದ್ದಲ್ಲ. ಒಂದು ಫಲಿತಾಂಶ ಕಣ್ಣೆದುರು ಬಂದಾಗ ಅದನ್ನು ಅನುಮಾನಿಸುವ ಅಭ್ಯಾಸ ಇದೆಯಾ, ಆ ಅನುಮಾನವನ್ನು ಪ್ರಯೋಗ ಮಾಡಿ ಬಗೆಹರಿಸುವಷ್ಟು ಕೈ ಪಳಗಿದೆಯಾ ಅಂತ ನೋಡಿದರು. ಅವೆರಡೂ ಓದಿನ ಯಾವ ಮೂಲೆಯಿಂದ ಬಂದವು ಅಂತ ಬರೆಯಬೇಕು ಅನ್ನಿಸಿತು.

ಮೊದಲ ಸೆಮಿಸ್ಟರ್ ಪೂರ್ತಿ ಹೆಸರುಗಳದ್ದೇ ಕಾಟ. ಮದುವೆಮನೆಗೆ ಕಾಲಿಡುತ್ತಿದ್ದಂತೆ ಇನ್ನೂರು ಜನ ನೆಂಟರ ಪರಿಚಯ ಒಟ್ಟಿಗೇ ಮಾಡಿಸಿದ ಹಾಗೆ. ಜೀವಕೋಶದ ಮೈಮೇಲಿರುವ ಗುರುತುಗಳಿಗೆ ಸಿಡಿ4, ಸಿಡಿ8, ಸಿಡಿ19 ಅಂತ ನಂಬರು. ಅವೇ 350 ದಾಟಿವೆ. ಜೀವಕೋಶಗಳು ಒಂದಕ್ಕೊಂದು ಕಳಿಸುವ ಸಂದೇಶದ ಪ್ರೋಟೀನುಗಳಿಗೆ ಐಎಲ್-2, ಐಎಲ್-6, ಐಎಲ್-17 ಅಂತ ಇನ್ನೊಂದು ಸಾಲು. ಸಾಲದ್ದಕ್ಕೆ ಒಂದೇ ಪ್ರೋಟೀನು ಒಂದು ಸಂದರ್ಭದಲ್ಲಿ ಉರಿಯೂತ ಹೆಚ್ಚಿಸುತ್ತದೆ, ಇನ್ನೊಂದರಲ್ಲಿ ತಗ್ಗಿಸುತ್ತದೆ. ಬಾಯಿಪಾಠ ಮಾಡಿದ್ದೆಲ್ಲ ವಾರ ಕಳೆಯುವಷ್ಟರಲ್ಲಿ ಕಲಸುಮೇಲೋಗರವಾಗಿರುತ್ತಿತ್ತು. ಈ ವಿಷಯ ಬಿಟ್ಟು ಜೆನೆಟಿಕ್ಸ್‌ಗೋ ಮೈಕ್ರೋಬಯಾಲಜಿಗೋ ಹೊರಟುಹೋದವರು ಹೆಚ್ಚಾಗಿ ಈ ಹಂತದಲ್ಲೇ ಹೋದರು. ಅವರನ್ನು ತಪ್ಪು ಅನ್ನಲಾರೆ.

ನಾನು ಉಳಿದುಕೊಂಡಿದ್ದು ಒಬ್ಬ ಮೇಡಂ ದೆಸೆಯಿಂದ. ಅವರು ಪಾಠವನ್ನು ಪಟ್ಟಿಯಿಂದ ಶುರು ಮಾಡುತ್ತಿರಲಿಲ್ಲ, ಯಾವುದಾದರೂ ಜಗಳದಿಂದ ಶುರು ಮಾಡುತ್ತಿದ್ದರು. 1882ರಲ್ಲಿ ಇಟಲಿಯ ಮೆಸಿನಾದಲ್ಲಿ ಎಲೀ ಮೆಚ್ನಿಕಾಫ್ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಮುಳ್ಳು ಚುಚ್ಚಿ ನೋಡಿದ. ಮಾರನೆಯ ದಿನ ಮುಳ್ಳಿನ ಸುತ್ತ ಜೀವಕೋಶಗಳು ಮುತ್ತಿಕೊಂಡಿದ್ದವು. ರೋಗವನ್ನು ಎದುರಿಸುವುದು ಈ ನುಂಗುವ ಜೀವಕೋಶಗಳೇ ಅಂದ. 1890ರಲ್ಲಿ ಬೆರಿಂಗ್ ಮತ್ತು ಕಿತಾಸಾಟೋ ಬೇರೆಯದನ್ನೇ ತೋರಿಸಿದರು: ಟೆಟನಸ್ ವಿಷಕ್ಕೆ ಒಗ್ಗಿಕೊಂಡ ಪ್ರಾಣಿಯ ಸೀರಂ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿ ದ್ರವ) ತೆಗೆದು ಇನ್ನೊಂದು ಪ್ರಾಣಿಗೆ ಕೊಟ್ಟರೆ ಅದೂ ಬದುಕಿಕೊಳ್ಳುತ್ತದೆ, ಜೀವಕೋಶದ ಗೊಡವೆಯೇ ಬೇಡ. ಎರಡು ಬಣ ಕಟ್ಟಿಕೊಂಡು ವರ್ಷಗಟ್ಟಲೆ ಕಿತ್ತಾಡಿದ ಮೇಲೆ 1908ರ ನೊಬೆಲ್ ಪ್ರಶಸ್ತಿ ಜೀವಕೋಶದ ಕಡೆಯ ಮೆಚ್ನಿಕಾಫ್‌ಗೂ ಸೀರಂ ಕಡೆಯ ಪೌಲ್ ಎರ್ಲಿಕ್‌ಗೂ ಹಂಚಿಹೋಯಿತು. "ಈಗ ಹೇಳಿ, ನಿಮ್ಮ ಕೈಯಲ್ಲಿ ಒಂದು ಇಲಿ, ಒಂದು ಸಿರಿಂಜ್ ಇದೆ. ಯಾರು ಸರಿ ಅಂತ ಹೇಗೆ ತೀರ್ಮಾನ ಮಾಡ್ತೀರಿ?" ಅಂತ ಮೇಡಂ ಕೇಳುವರು. ನಾವು ಬಾಯಿಗೆ ಬಂದದ್ದು ಹೇಳುವೆವು. ಅವರು ಅದರಲ್ಲಿನ ತೂತು ತೋರಿಸುವರು. ಸೀರಂ ಕೊಟ್ಟಿರಿ ಸರಿ, ಒಗ್ಗಿಕೊಳ್ಳದ ಪ್ರಾಣಿಯ ಸೀರಂ ಕೊಟ್ಟು ನೋಡಿದಿರಾ?

ಕೋಳಿಗಳ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. ಹಕ್ಕಿಗಳ ಬಾಲದ ಬುಡದಲ್ಲಿ ಬರ್ಸಾ ಅನ್ನುವ ಚೀಲದಂಥ ಅಂಗ ಇರುತ್ತದೆ. ಬ್ರೂಸ್ ಗ್ಲಿಕ್ ಅನ್ನುವ ವಿದ್ಯಾರ್ಥಿ ಅದನ್ನು ಕತ್ತರಿಸಿ ತೆಗೆದು ಏನಾಗುತ್ತದೆ ಅಂತ ನೋಡುತ್ತಿದ್ದ, ಏನೂ ಆಗುತ್ತಿರಲಿಲ್ಲ. ಅವನ ಜೊತೆಗಾರ ಟಿಮೊತಿ ಚಾಂಗ್, ಪ್ರತಿಕಾಯ (ರೋಗಾಣುವಿನಂಥ ಹೊರಗಿನದಕ್ಕೆ ಅಂಟುವ ಪ್ರೋಟೀನು) ಹೇಗೆ ಉಂಟಾಗುತ್ತದೆ ಅಂತ ತರಗತಿಯಲ್ಲಿ ತೋರಿಸುವುದಕ್ಕೆ ಅದೇ ಕೋಳಿಗಳನ್ನು ಎರವಲು ಪಡೆದ. ಸಾಲ್ಮೊನೆಲ್ಲಾ ಚುಚ್ಚಿದರೆ ಬರ್ಸಾ ಇಲ್ಲದ ಕೋಳಿಗಳಲ್ಲಿ ಪ್ರತಿಕಾಯವೇ ಬರಲಿಲ್ಲ. ತರಗತಿಯ ಪ್ರದರ್ಶನ ಕೆಟ್ಟಿತು, ಇಮ್ಯುನಾಲಜಿಗೆ ಪ್ರತಿಕಾಯ ಮಾಡುವ ಬಿ ಸೆಲ್‌ಗಳ ತವರು ಸಿಕ್ಕಿತು. ಪ್ರಬಂಧ 1956ರಲ್ಲಿ ಕೋಳಿ ಸಾಕಣೆಯ ವಿಜ್ಞಾನ ಪತ್ರಿಕೆಯೊಂದರಲ್ಲಿ ಬಂತು, ಇಮ್ಯುನಾಲಜಿಯವರು ಅದನ್ನು ವರ್ಷಗಳ ಕಾಲ ಮೂಸಿಯೂ ನೋಡಲಿಲ್ಲ. ಮೊನ್ನೆ ಮೊನ್ನೆಯವರೆಗೂ ನಮ್ಮ ಬ್ಯಾಚಿನವರು ಯಾರ ಪ್ರಯೋಗ ಕೈಕೊಟ್ಟರೂ "ಕೋಳಿ ಪತ್ರಿಕೆಗೆ ಕಳಿಸು ಬಿಡು" ಅಂತ ಹೇಳಿಕೊಳ್ಳುತ್ತಿದ್ದೆವು.

ಹಾಗೆ ಓದತೊಡಗಿದ ಮೇಲೆ ಹೆಸರುಗಳು ತಾವಾಗಿ ಜಾಗಕ್ಕೆ ಬಂದು ಕೂತವು. ಒಂದು ಪ್ರಶ್ನೆಯಂತೂ ನಿದ್ದೆ ಕೆಡಿಸಿತ್ತು. ಮನುಷ್ಯನಿಗೆ ಪ್ರೋಟೀನು ಮಾಡುವ ಜೀನುಗಳು ಇರುವುದು ಸುಮಾರು 20,000. ಆದರೆ ಇದುವರೆಗೆ ಭೂಮಿಯ ಮೇಲೆ ಇರದೇ ಇದ್ದ ರಾಸಾಯನಿಕಕ್ಕೂ ದೇಹ ಪ್ರತಿಕಾಯ ಮಾಡಬಲ್ಲದು, ಕೋಟಿಗಟ್ಟಲೆ ಬಗೆಯವನ್ನು. ಎಲ್ಲಿಂದ? 1976ರಲ್ಲಿ ಸುಸುಮು ಟೊನೆಗಾವಾ ಇಲಿಯ ಭ್ರೂಣದ ಡಿಎನ್‌ಎಯನ್ನೂ ಪ್ರತಿಕಾಯ ಮಾಡುವ ಜೀವಕೋಶದ ಡಿಎನ್‌ಎಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಭ್ರೂಣದಲ್ಲಿ ದೂರದೂರ ಇದ್ದ ತುಂಡುಗಳು ಇಲ್ಲಿ ಒಟ್ಟಿಗೆ ಸೇರಿದ್ದವು. ಬಿ ಸೆಲ್ ತನ್ನ ಡಿಎನ್‌ಎಯನ್ನೇ ಕತ್ತರಿಸಿ, ತುಂಡುಗಳನ್ನು ಕುರುಡಾಗಿ ಜೋಡಿಸಿಕೊಳ್ಳುತ್ತದೆ. ಟೊನೆಗಾವಾಗೆ ಇದಕ್ಕೆ 1987ರಲ್ಲಿ ನೊಬೆಲ್ ಬಂತು. ಟಿ ಸೆಲ್ ಕೂಡ ಹೀಗೇ ಮಾಡುತ್ತದೆ. ಕುರುಡು ಜೋಡಣೆಯಾದ್ದರಿಂದ ಸ್ವಂತ ದೇಹವನ್ನೇ ಕಚ್ಚುವವೂ ಹುಟ್ಟುತ್ತವೆ, ಅಂಥವನ್ನು ಥೈಮಸ್ ಗ್ರಂಥಿ ಕೊಂದುಹಾಕುತ್ತದೆ. ಒಳಗೆ ತರಬೇತಿಗೆ ಬಂದವುಗಳಲ್ಲಿ ಬಹುಪಾಲು ಬದುಕಿ ಹೊರಬರುವುದಿಲ್ಲ. ಇಷ್ಟು ದುಂದುವೆಚ್ಚದ ವ್ಯವಸ್ಥೆ ದೇಹದಲ್ಲಿ ಇನ್ನೆಲ್ಲೂ ನಾನು ಕಂಡಿಲ್ಲ.

ಕಸಿಯ ಪಾಠವೂ ಆಗಲೇ ಬಂದಿದ್ದು, ಮುಂದೆ ನನ್ನ ಅನ್ನದ ದಾರಿ ಅದೇ ಅಂತ ಆಗ ಗೊತ್ತಿರಲಿಲ್ಲ. 1958ರಲ್ಲಿ ಜಾನ್ ದೋಸೆ ಮೊದಲು ಗುರುತಿಸಿದ ಎಚ್‌ಎಲ್‌ಎ ಅನ್ನುವ ಪ್ರೋಟೀನುಗಳು ಬಹುತೇಕ ಎಲ್ಲ ಜೀವಕೋಶಗಳ ಮೈಮೇಲೂ ಇರುತ್ತವೆ, ಒಬ್ಬರದ್ದು ಇನ್ನೊಬ್ಬರಂತೆ ಇರುವುದಿಲ್ಲ. ಒಡಹುಟ್ಟಿದವರಲ್ಲೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಬೇರೆಯವರ ಕಿಡ್ನಿ ಇಟ್ಟಾಗ ದೇಹ ಗುರುತು ಹಿಡಿದು ತಿರಸ್ಕರಿಸುವುದು ಮುಖ್ಯವಾಗಿ ಇವನ್ನೇ. ಮೇಡಂ ಕೇಳಿದರು: "ಸರ್ಜನ್ ಬಂದು ಕಿಡ್ನಿ ಇಡ್ತಾನೆ ಅಂತ ಲಕ್ಷಾಂತರ ವರ್ಷ ಮೊದಲೇ ಪ್ರಕೃತಿ ಇದನ್ನ ಮಾಡಿಟ್ಟಿತ್ತಾ?" ಉತ್ತರ ಸಿಕ್ಕಿದ್ದು 1974ರಲ್ಲಿ, ಜಿಂಕರ್‌ನಾಗಲ್ ಮತ್ತು ಡೊಹರ್ಟಿ ಇಲಿಗಳ ಮೇಲೆ ಮಾಡಿದ ಪ್ರಯೋಗದಿಂದ. ಜೀವಕೋಶದೊಳಗಿನ ಪ್ರೋಟೀನುಗಳ ಚೂರುಗಳನ್ನು ಹೊರಗೆ ಎತ್ತಿ ಹಿಡಿದು ಟಿ ಸೆಲ್‌ಗೆ ತೋರಿಸುವುದು ಈ ಅಣುಗಳ ಅಸಲಿ ಕೆಲಸ. ವೈರಸ್ ಹೊಕ್ಕಿದ್ದರೆ ಅದರ ಚೂರೂ ಕಾಣುತ್ತದೆ. ಕಸಿಯ ತಿರಸ್ಕಾರ ಇದರ ಅಡ್ಡಪರಿಣಾಮ.

ಪರೀಕ್ಷೆಯಲ್ಲಿ ಆ ಮೇಡಂ ಒಂದು ಗ್ರಾಫ್ ಕೊಟ್ಟು "ಇದರಿಂದ ಏನನ್ನು ಹೇಳಲು ಬರುವುದಿಲ್ಲ?" ಅಂತ ಕೇಳುತ್ತಿದ್ದರು. ಅಂಕ ಕಳೆದುಕೊಂಡವರು ಬೈದುಕೊಂಡು ಓಡಾಡಿದರು. ಕೆಲಸದಲ್ಲಿ ನನಗೆ ದಿನಾ ಎದುರಾಗುವುದು ಆ ಒಂದೇ ಪ್ರಶ್ನೆ.

ಪ್ರಾಕ್ಟಿಕಲ್‌ನದು ಬೇರೆಯೇ ಲೋಕ. ಪುಸ್ತಕದಲ್ಲಿ "ರಕ್ತದಿಂದ ಲಿಂಫೋಸೈಟ್‌ಗಳನ್ನು ಬೇರ್ಪಡಿಸಿ" ಅಂತ ಒಂದು ಸಾಲು ಇರುತ್ತದೆ. ಲಿಂಫೋಸೈಟ್ ಅಂದರೆ ಟಿ ಸೆಲ್, ಬಿ ಸೆಲ್‌ಗಳ ಗುಂಪು. ಹಾಗೆ ಬೇರ್ಪಡಿಸುವುದು ಕೈಗೆ ಕೂರುವುದಕ್ಕೆ ತಿಂಗಳುಗಳು ಬೇಕು. ಟ್ಯೂಬಿನ ತಳದಲ್ಲಿ ಫೈಕಾಲ್ ದ್ರವ, ಸಾಂದ್ರತೆ ಮಿಲಿಲೀಟರಿಗೆ 1.077 ಗ್ರಾಂ. ಟ್ಯೂಬನ್ನು ಓರೆಯಾಗಿ ಹಿಡಿದು, ತೆಳುಮಾಡಿದ ರಕ್ತವನ್ನು ಗೋಡೆಗುಂಟ ಅದರ ಮೇಲೆ ನಿಧಾನವಾಗಿ ಇಳಿಬಿಡಬೇಕು, ಎರಡೂ ಬೆರೆಯಬಾರದು. ಹೆಬ್ಬೆರಳು ಸ್ವಲ್ಪ ಜೋರಾಗಿ ಪಿಪೆಟ್ ಒತ್ತಿದರೆ ಮುಗಿಯಿತು, ಫೈಕಾಲ್ ಕೆಂಪಾಗುತ್ತದೆ. ಸೆಂಟ್ರಿಫ್ಯೂಜಿನ ಬ್ರೇಕ್ ಆಫ್ ಮಾಡಿಡಬೇಕು, ಇಲ್ಲದಿದ್ದರೆ ನಿಲ್ಲುವಾಗಿನ ಜಗ್ಗಾಟಕ್ಕೆ ಪದರಗಳು ಕದಡುತ್ತವೆ. ತಿರುಗಿ ನಿಂತ ಮೇಲೆ ಟ್ಯೂಬ್ ಎತ್ತಿ ನೋಡಿದರೆ ಕೆಂಪು ಕಣಗಳು ತಳದಲ್ಲಿ, ಹಳದಿ ಪ್ಲಾಸ್ಮಾ ಮೇಲೆ, ನಡುವೆ ಮಸುಕು ಬಿಳಿಯ ತೆಳ್ಳಗಿನ ಉಂಗುರ. ಆ ಉಂಗುರವೇ ನಮಗೆ ಬೇಕಾದದ್ದು. ಅದನ್ನು ಹೀರಿ ತೆಗೆದು, ತೊಳೆದು, ಟ್ರಿಪಾನ್ ಬ್ಲೂ ಬಣ್ಣ ಹಾಕಿ ಮೈಕ್ರೋಸ್ಕೋಪಿನ ಕೆಳಗೆ ಎಣಿಸಬೇಕು: ನೀಲಿಯಾದವು ಸತ್ತವು, ಹೊಳೆಯುವವು ಬದುಕಿರುವವು. ಸತ್ತವು ಜಾಸ್ತಿ ಇದ್ದರೆ ಮುಂದಿನ ಯಾವ ಪ್ರಯೋಗವನ್ನೂ ನಂಬುವ ಹಾಗಿಲ್ಲ.

ಆಮೇಲೆ ಪ್ರತಿಕಾಯ ಬಳಸಿ ಪ್ರೋಟೀನು ಪತ್ತೆಹಚ್ಚುವ ಎಲೈಸಾ, ವೆಸ್ಟರ್ನ್ ಬ್ಲಾಟ್ ಪರೀಕ್ಷೆಗಳು. ಎಲೈಸಾ 1971ರಿಂದ ಇದೆ, ಇಂದಿಗೂ ರೋಗಪತ್ತೆ ಲ್ಯಾಬುಗಳಿಗೆ ಆಧಾರ ಅದೇ. ಕಲಿಯಲು ಕಷ್ಟವಿಲ್ಲ, ಬೇಸರ ಬರುವಷ್ಟು ಸಲ ಮಾಡಿದೆವು. ಇಲಿಗಳನ್ನು ಹಿಡಿಯುವ ತರಬೇತಿ, ನೈತಿಕ ಸಮಿತಿಯ ಅನುಮತಿ ಪತ್ರಗಳು ಇವೂ ಆದವು. ಇಲಿ ಕೊಲ್ಲುವುದು ನನಗೆ ಒಗ್ಗಲಿಲ್ಲ. ಒಗ್ಗದಿದ್ದವರು ಅದನ್ನು ಮೊದಲೇ ಒಪ್ಪಿಕೊಂಡು ಮನುಷ್ಯರ ರಕ್ತದ ಮಾದರಿಗಳ ಮೇಲೆ ಕೆಲಸ ಮಾಡುವ ಲ್ಯಾಬ್ ಹುಡುಕಿಕೊಳ್ಳುವುದು ವಾಸಿ. ಅಂಥ ಲ್ಯಾಬುಗಳು ಬೇಕಾದಷ್ಟಿವೆ.

ನನ್ನ ಡಿಸರ್ಟೇಷನ್ (ಪದವಿಯ ಸಂಶೋಧನಾ ಕೆಲಸ) ಅಂಥದೇ ಕಡೆ, ಫ್ಲೋ ಸೈಟೋಮೀಟರ್ ಮೇಲೆ. ಬೇರೆ ಬೇರೆ ಬಣ್ಣದ ದೀಪದ್ರವ್ಯ ಕಟ್ಟಿದ ಪ್ರತಿಕಾಯಗಳನ್ನು ಜೀವಕೋಶಗಳಿಗೆ ಅಂಟಿಸಿ, ಒಂದೊಂದನ್ನೇ ಸಾಲಾಗಿ ಲೇಸರ್ ಎದುರು ಹಾಯಿಸುವ ಯಂತ್ರ ಇದು. ಯಾವ ಕೋಶ ಯಾವ ಬಣ್ಣ ಚೆಲ್ಲಿತು ಅಂತ ಸೆಕೆಂಡಿಗೆ ಸಾವಿರಾರು ಲೆಕ್ಕ ಬರುತ್ತದೆ. ಸುಂದರ ಚಿತ್ರಗಳು. ಮೋಸ ಹೋಗುವುದೂ ಅಷ್ಟೇ ಸುಲಭ. ಒಂದು ಬಣ್ಣದ ಬೆಳಕು ಪಕ್ಕದ ಬಣ್ಣದ ಡಿಟೆಕ್ಟರಿಗೆ ಸೋರುತ್ತದೆ. ಆ ಸೋರಿಕೆಯನ್ನು ಲೆಕ್ಕದಲ್ಲಿ ಕಳೆಯುವ ಕಾಂಪೆನ್ಸೇಷನ್ ಸರಿಯಾಗಿ ಮಾಡದಿದ್ದರೆ ಇಲ್ಲದ ಜೀವಕೋಶ ಇದ್ದ ಹಾಗೆ ಕಾಣುತ್ತದೆ. ಸತ್ತ ಕೋಶಗಳು ಸಿಕ್ಕಸಿಕ್ಕ ಪ್ರತಿಕಾಯವನ್ನೆಲ್ಲ ಅಂಟಿಸಿಕೊಳ್ಳುತ್ತವೆ. ಹಾಗಾಗಿ ಪ್ರತಿ ಸಲವೂ ಒಂದೊಂದೇ ಬಣ್ಣ ಬಿಟ್ಟು ಉಳಿದೆಲ್ಲ ಹಾಕಿದ ಕಂಟ್ರೋಲ್ ಟ್ಯೂಬುಗಳನ್ನು, ಅಂದರೆ ಹೋಲಿಕೆಯ ಟ್ಯೂಬುಗಳನ್ನು, ಓಡಿಸಬೇಕು, ಎಫ್‌ಎಂಒ ಅನ್ನುತ್ತಾರೆ. ಅಸಲಿ ಮಾದರಿಗಿಂತ ಕಂಟ್ರೋಲ್ ಟ್ಯೂಬುಗಳೇ ಹೆಚ್ಚು. ಲ್ಯಾಬಿನ ಸೀನಿಯರ್ ಒಬ್ಬರಿಗೆ ನಾನು ಸಂಭ್ರಮದಿಂದ ಒಂದು ಪ್ಲಾಟ್ ತೋರಿಸಲು ಹೋದರೆ ಅವರು ಪ್ಲಾಟ್ ನೋಡುವ ಮೊದಲೇ "ಕಂಟ್ರೋಲ್ ಎಲ್ಲಿ?" ಅಂದರು. ಆಮೇಲೆ ಅವರನ್ನು ನಾವು ಕರೆಯುತ್ತಿದ್ದದ್ದೇ "ಕಂಟ್ರೋಲ್ ಎಲ್ಲಿ ಸರ್" ಅಂತ.

ಕೊನೆಯ ವರ್ಷ ಎಲ್ಲರ ತಲೆಯಲ್ಲೂ ಒಂದೇ ಗುಂಗು: ಪಿಎಚ್.ಡಿಯೋ, ಕೆಲಸವೋ? ಪಿಎಚ್.ಡಿ. ಅಂದರೆ ನಾಲ್ಕೈದು ವರ್ಷ, ಒಮ್ಮೊಮ್ಮೆ ಇನ್ನೂ ಹೆಚ್ಚು. ಆಮೇಲೆ ಪೋಸ್ಟ್‌ಡಾಕ್, ಅದು ಒಂದೆರಡು ವರ್ಷಗಳ ಕಾಂಟ್ರಾಕ್ಟ್ ಮೇಲೆ ಕಾಂಟ್ರಾಕ್ಟ್. ಪ್ರಾಧ್ಯಾಪಕ ಹುದ್ದೆಗಳು ಪಿಎಚ್.ಡಿ. ಮುಗಿಸುವವರ ಸಂಖ್ಯೆಗೆ ಹೋಲಿಸಿದರೆ ತೀರಾ ಕಡಿಮೆ. ಇದನ್ನು ವಿಶ್ವವಿದ್ಯಾಲಯಗಳು ಸೇರುವಾಗಲೇ ಬಿಡಿಸಿ ಹೇಳಬೇಕು, ಸಾಮಾನ್ಯವಾಗಿ ಹೇಳುವುದಿಲ್ಲ. ಹಾಗಂತ ಪಿಎಚ್.ಡಿ. ಬೇಡವೇ ಬೇಡ ಅನ್ನುವ ಸಲಹೆಯೂ ಸರಿಯಲ್ಲ. ಔಷಧ ಕಂಪನಿಗಳ ಸಂಶೋಧನಾ ವಿಭಾಗದಲ್ಲಿ ಪಿಎಚ್.ಡಿ. ಇಲ್ಲದಿದ್ದರೆ ಒಂದು ಮಟ್ಟದ ಮೇಲೆ ಏರುವುದು ಕಷ್ಟ. ಪ್ರಶ್ನೆ ನಿಮ್ಮದೇ ಆಗಿರಬೇಕು ಅನ್ನುವ ಹಟ ಇರುವವರಿಗೆ ಅದು ಬಿಟ್ಟರೆ ದಾರಿಯಿಲ್ಲ.

ನನ್ನ ಗೆಳತಿಗೆ ಆ ಹಟ ಇತ್ತು. ಅವಳು ಹಿಡಿದದ್ದು ರೆಗ್ಯುಲೇಟರಿ ಟಿ ಸೆಲ್, ಅಂದರೆ ಉಳಿದ ಟಿ ಸೆಲ್‌ಗಳನ್ನು ಅಂಕೆಯಲ್ಲಿಡುವ ಜಾತಿ. 1995ರಲ್ಲಿ ಶಿಮೋನ್ ಸಾಕಾಗುಚಿ ಅವನ್ನು ಗುರುತಿಸಿದಾಗ ನಂಬುವವರೇ ಕಡಿಮೆ ಇದ್ದರು. 2025ರಲ್ಲಿ ಅವರಿಗೂ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಅವರಿಗೂ ಸೇರಿ ನೊಬೆಲ್ ಬಂತು. ಪ್ರಶಸ್ತಿ ಘೋಷಣೆಯಾದ ದಿನ ಅವಳಿಗೆ ಫೋನ್ ಮಾಡಿದೆ. "ಮೂವತ್ತು ವರ್ಷ ಕಣೇ! ನನ್ನ ಫೆಲೋಶಿಪ್ ಮೂರು ವರ್ಷಕ್ಕೆ ಮುಗಿಯುತ್ತೆ," ಅಂದಳು.

ಉಳಿದವರು ಹೋದ ದಾರಿಗಳು ನಾವು ತರಗತಿಯಲ್ಲಿ ಕಲ್ಪಿಸಿಯೂ ಇರದಂಥವು. ಒಬ್ಬ ಕಾರ್-ಟಿ ಚಿಕಿತ್ಸೆ ತಯಾರಿಸುವ ಕಡೆ ಸೇರಿದ. ರೋಗಿಯದೇ ಟಿ ಸೆಲ್ ತೆಗೆದು, ಕ್ಯಾನ್ಸರ್ ಕೋಶವನ್ನು ಗುರುತಿಸುವ ಜೀನ್ ಸೇರಿಸಿ, ಬೆಳೆಸಿ, ವಾಪಸ್ ಕೊಡುವ ಈ ಚಿಕಿತ್ಸೆಗೆ ಮೊದಲ ಮಂಜೂರಾತಿ ಸಿಕ್ಕಿದ್ದು 2017ರಲ್ಲಿ, ಅಮೆರಿಕದಲ್ಲಿ. ಅವನು ಇಡೀ ದಿನ ಮುಚ್ಚಿದ ಕ್ಲೀನ್‌ರೂಮಿನಲ್ಲಿ ಮುಸುಕು ಹಾಕಿಕೊಂಡು ಇರುತ್ತಾನೆ. ಒಂದು ಚೀಲದಲ್ಲಿರುವುದು ಒಬ್ಬ ರೋಗಿಯ ಜೀವಕೋಶ, ಅದು ಹಾಳಾದರೆ ಅಂಗಡಿಯಿಂದ ಇನ್ನೊಂದು ತರಲಾಗದು. ಗುರುತಿನ ಚೀಟಿಯನ್ನು ಪ್ರತಿ ಹೆಜ್ಜೆಯಲ್ಲೂ ಇಬ್ಬರು ನೋಡಿ ಸಹಿ ಹಾಕಬೇಕು. ಇನ್ನೊಬ್ಬಳು ಪ್ರತಿಕಾಯ ಔಷಧಗಳ ವಿರುದ್ಧ ರೋಗಿಯ ದೇಹವೇ ಪ್ರತಿಕಾಯ ಮಾಡುತ್ತದೆಯೇ ಅಂತ ಅಳೆಯುವ ವಿಧಾನ ರೂಪಿಸುತ್ತಾಳೆ. ಬಹುಪಾಲು ಎಲೈಸಾದ ಮುಂದುವರಿದ ರೂಪಗಳೇ. ಬೇಸರ ಬರುವಷ್ಟು ಮಾಡಿದ್ದು ಅವಳಿಗೆ ಕೈಹಿಡಿಯಿತು. ಲಸಿಕೆ ಕಾರ್ಖಾನೆಯ ಗುಣಮಟ್ಟ ವಿಭಾಗ, ಫ್ಲೋ ಯಂತ್ರ ಮಾರುವ ಕಂಪನಿಯಲ್ಲಿ ಗ್ರಾಹಕರಿಗೆ ಕಲಿಸುವ ಕೆಲಸ, ವೈದ್ಯಕೀಯ ಬರವಣಿಗೆ, ಪೇಟೆಂಟ್: ಇಲ್ಲೆಲ್ಲ ನಮ್ಮ ಬ್ಯಾಚಿನವರಿದ್ದಾರೆ. ಪಿಪೆಟ್ ಮುಟ್ಟುವುದೇ ಬೇಡ ಅಂತ ಆರ್ ಮತ್ತು ಪೈಥಾನ್ ಕಲಿತು, ಒಂದೊಂದು ಜೀವಕೋಶದ ಆರ್‌ಎನ್‌ಎ ದತ್ತಾಂಶ ವಿಶ್ಲೇಷಿಸುವವನಿಗೆ ನಮ್ಮೆಲ್ಲರಿಗಿಂತ ಬೇಗ ಕೆಲಸ ಸಿಕ್ಕಿತು. ಇಮ್ಯುನಾಲಜಿಯೂ ಗೊತ್ತು, ಕೋಡೂ ಬರುತ್ತದೆ ಅನ್ನುವವರು ಸಿಗುವುದು ಅಪರೂಪ.

ಔಷಧ ಸುರಕ್ಷತೆಯ ಕಡೆ ಹೋದವಳ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಅದನ್ನು ಬರೀ ಕಾಗದಪತ್ರದ ಕೆಲಸ ಅಂದುಕೊಳ್ಳುವವರೇ ಹೆಚ್ಚು. 2006ರಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಅನ್ನುವ ಪ್ರತಿಕಾಯವನ್ನು ಮೊದಲ ಸಲ ಮನುಷ್ಯರಿಗೆ ಕೊಟ್ಟರು. ಔಷಧ ಪಡೆದ ಆರೂ ಜನ ಆರೋಗ್ಯವಂತ ಸ್ವಯಂಸೇವಕರು ಕೆಲವೇ ಗಂಟೆಗಳಲ್ಲಿ ಐಸಿಯು ಸೇರಿದರು, ಸೈಟೋಕೈನ್ ಬಿರುಗಾಳಿ, ಅಂದರೆ ಜೀವಕೋಶಗಳ ಸಂದೇಶದ ಪ್ರೋಟೀನುಗಳು ಒಮ್ಮೆಲೇ ಅತಿಯಾಗಿ ಸುರಿದದ್ದು. ಆರೂ ಜನ ಬದುಕಿಕೊಂಡರು ಅನ್ನುವುದೇ ಸಮಾಧಾನ. ಕೋತಿಗಳಿಗೆ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕೊಟ್ಟಾಗ ಏನೂ ಆಗಿರಲಿಲ್ಲ. ಆ ಔಷಧ ಅಂಟುವುದು ಸಿಡಿ28 ಅನ್ನುವ ಗುರುತಿಗೆ. ಮನುಷ್ಯರ ಒಂದು ಬಗೆಯ ನೆನಪಿನ ಟಿ ಸೆಲ್‌ಗಳಲ್ಲಿ ಅದು ಇದೆ, ಆ ಕೋತಿಗಳ ಅದೇ ಬಗೆಯ ಕೋಶಗಳಲ್ಲಿ ಇಲ್ಲ ಅಂತ ಆಮೇಲೆ ತಿಳಿಯಿತು. ಹೊಸ ಔಷಧದ ಮೊದಲ ಡೋಸ್ ಎಷ್ಟಿರಬೇಕು, ಒಬ್ಬರಿಗೂ ಮುಂದಿನವರಿಗೂ ನಡುವೆ ಎಷ್ಟು ಹೊತ್ತು ಬಿಡಬೇಕು ಅನ್ನುವ ನಿಯಮಗಳು ಆ ಘಟನೆಯ ನಂತರ ಬಿಗಿಯಾದವು. ಈ ಗೆಳತಿ ಓದುವುದು, ಪ್ರಶ್ನಿಸುವುದು ಅಂಥ ವರದಿಗಳನ್ನೇ. "ಕಂಟ್ರೋಲ್ ಎಲ್ಲಿ" ಅಂತ ಕೇಳುವುದಕ್ಕೇ ಅವಳಿಗೆ ಸಂಬಳ.

ನಾನು ಪಿಎಚ್.ಡಿಗೂ ಅರ್ಜಿ ಹಾಕಿದ್ದೆ, ಕೆಲಸಗಳಿಗೂ ಹಾಕಿದ್ದೆ. ಒಂದು ಕಂಪನಿಯ ಸಂದರ್ಶನದಲ್ಲಿ ಅರ್ಧ ಗಂಟೆ ನನ್ನ ಕನಸುಗಳ ಬಗ್ಗೆ ಕೇಳಿ, ಆಮೇಲೆ ಉತ್ತರವನ್ನೇ ಕಳಿಸಲಿಲ್ಲ. ಈ ಲ್ಯಾಬಿನ ಸಂದರ್ಶನದಲ್ಲಿ ಕನಸಿನ ಮಾತೇ ಇಲ್ಲ. ಮುಖ್ಯಸ್ಥರು ಒಂದು ಹಾಳೆ ಮುಂದಿಟ್ಟರು: ದಾನಿಯ ಜೀವಕೋಶದ ಜೊತೆ ರೋಗಿಯ ಸೀರಂ ಬೆರೆಸಿ ಮಾಡಿದ ಫ್ಲೋ ಕ್ರಾಸ್‌ಮ್ಯಾಚ್. ಟಿ ಸೆಲ್ ಮೇಲೆ ನೆಗೆಟಿವ್, ಬಿ ಸೆಲ್ ಮೇಲೆ ಗಟ್ಟಿ ಪಾಸಿಟಿವ್. ಎಚ್‌ಎಲ್‌ಎ ವಿರುದ್ಧ ಪ್ರತಿಕಾಯ ಹುಡುಕುವ ಮಣಿಗಳ ಪರೀಕ್ಷೆಯಲ್ಲಿ ಏನೂ ಸಿಕ್ಕಿಲ್ಲ.

"ಏನ್ ಹೇಳ್ತೀರಿ?"

"ರೋಗಿ ಯಾವ ಔಷಧ ತಗೊಂಡಿದ್ದಾರೆ ಅಂತ ಕೇಳ್ತೀನಿ ಸರ್."

"ಯಾವ ಔಷಧ ಇರಬಹುದು?"

ರಿಟುಕ್ಸಿಮಾಬ್ ಅಂದೆ. ಅದೂ ಪ್ರತಿಕಾಯವೇ, ಬಿ ಸೆಲ್ ಮೇಲಿನ ಸಿಡಿ20ಕ್ಕೆ ಅಂಟುತ್ತದೆ. ರೋಗಿಯ ಸೀರಂನಲ್ಲಿ ಉಳಿದಿದ್ದರೆ ದಾನಿಯ ಬಿ ಸೆಲ್‌ಗೆ ಹೋಗಿ ಅಂಟಿಕೊಂಡು, ಇಲ್ಲದ ಅಪಾಯವನ್ನು ಇದ್ದ ಹಾಗೆ ತೋರಿಸುತ್ತದೆ. ಅವರು ಮುಂದಿನ ಪ್ರಶ್ನೆ ಕೇಳದೆ ಪಾಳಿಯಲ್ಲಿ ರಾತ್ರಿ ಕೆಲಸಕ್ಕೆ ಒಪ್ಪಿಗೆಯಾ ಅಂತ ವಿಚಾರಿಸಿದರು.

ರಾತ್ರಿ ಪಾಳಿ ಯಾಕೆಂದರೆ ಅಂಗದಾನಕ್ಕೆ ಹೊತ್ತುಗೊತ್ತಿಲ್ಲ. ದೇಹದಿಂದ ತೆಗೆದ ಹೃದಯ ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆಯೊಳಗೆ ಇನ್ನೊಂದು ದೇಹ ಸೇರಬೇಕು. ಕಿಡ್ನಿ ಒಂದು ದಿನ ತಡೆದೀತು, ಆದರೆ ತಡವಾದಷ್ಟೂ ನಷ್ಟ. ಈ ಪರೀಕ್ಷೆಯ ಬೆಲೆ ತಿಳಿಸಿದ ಒಂದು ಪ್ರಬಂಧ ನಮ್ಮ ಲ್ಯಾಬಿನ ಹೊಸಬರೆಲ್ಲ ಓದಲೇಬೇಕು. 1969ರಲ್ಲಿ ಪಟೇಲ್ ಮತ್ತು ತೆರಾಸಾಕಿ ಬರೆದದ್ದು: ಕ್ರಾಸ್‌ಮ್ಯಾಚ್ ಪಾಸಿಟಿವ್ ಇದ್ದೂ ಕಿಡ್ನಿ ಇಟ್ಟ 30 ಕಸಿಗಳಲ್ಲಿ 24 ತಕ್ಷಣವೇ ವಿಫಲವಾದವು. ನೆಗೆಟಿವ್ ಇದ್ದ 195ರಲ್ಲಿ ಹಾಗಾದದ್ದು 8. ರೋಗಿಯ ರಕ್ತದಲ್ಲಿ ಮೊದಲೇ ಇದ್ದ ಪ್ರತಿಕಾಯ ಹೊಸ ಕಿಡ್ನಿಯ ರಕ್ತನಾಳಗಳಿಗೆ ಅಂಟಿ, ಆಪರೇಷನ್ ಟೇಬಲ್ ಮೇಲೇ ಅದು ಕಪ್ಪಾಗುವುದಿತ್ತು. ಇಂಥ ಪ್ರತಿಕಾಯ ಎಲ್ಲಿಂದ ಬರುತ್ತದೆ ಅಂದರೆ ಗರ್ಭ ಧರಿಸಿದಾಗ, ರಕ್ತ ಕೊಡಿಸಿದಾಗ, ಹಿಂದೊಮ್ಮೆ ಕಸಿಯಾಗಿದ್ದಾಗ. ಮಗುವಿನ ಜೀವಕೋಶಗಳಲ್ಲಿ ತಂದೆಯ ಎಚ್‌ಎಲ್‌ಎ ಇರುವುದರಿಂದ ಎಷ್ಟೋ ತಾಯಂದಿರ ರಕ್ತದಲ್ಲಿ ಗಂಡನ ವಿರುದ್ಧವೇ ಪ್ರತಿಕಾಯ ಇರುತ್ತದೆ. ಗಂಡ ಕಿಡ್ನಿ ಕೊಡಲು ಮುಂದೆ ಬಂದಾಗ ಇದು ಗೊತ್ತಾಗುತ್ತದೆ. ಆ ಸುದ್ದಿಯನ್ನು ಹೇಳುವುದು ವೈದ್ಯರು, ವರದಿ ಬರೆಯುವುದು ನಾವು.

ಕರೆ ಬಂದಾಗ ನಡೆಯುವುದು ಇಷ್ಟು. ದಾನಿಯ ರಕ್ತ ಅಥವಾ ಗುಲ್ಮದ ತುಂಡು ಬರುತ್ತದೆ, ಅದರಿಂದ ಲಿಂಫೋಸೈಟ್ ತೆಗೆಯುತ್ತೇವೆ. ಕಲಿಯುವಾಗ ಕೆಂಪಾಗುತ್ತಿದ್ದ ಆ ಫೈಕಾಲ್ ಇಲ್ಲೂ ಇದೆ. ಕಾಯುವ ಪಟ್ಟಿಯಲ್ಲಿರುವ ರೋಗಿಗಳ ಸೀರಂ ಫ್ರೀಜರಿನಲ್ಲಿ ಸಿದ್ಧವಿರುತ್ತದೆ. ಎರಡನ್ನೂ ಬೆರೆಸಿ ಇಟ್ಟು, ತೊಳೆದು, ಮನುಷ್ಯರ ಐಜಿಜಿ ಅನ್ನುವ ಬಗೆಯ ಪ್ರತಿಕಾಯಕ್ಕೆ ಅಂಟುವ ಬಣ್ಣ ಹಾಕುತ್ತೇವೆ. ಟಿ ಸೆಲ್, ಬಿ ಸೆಲ್ ಬೇರೆ ಗೊತ್ತಾಗಲು ಸಿಡಿ3, ಸಿಡಿ19. ಬಿ ಸೆಲ್ ಮೇಲಿನ ಗೊಂದಲ ಕಡಿಮೆ ಮಾಡಲು ಪ್ರೊನೇಸ್ ಕಿಣ್ವ ಹಾಕುವುದುಂಟು, ಅದು ಮೇಲಿನ ಸಿಡಿ20ನ್ನೂ ಪ್ರತಿಕಾಯದ ಬಾಲ ಹಿಡಿಯುವ ಗ್ರಾಹಿಗಳನ್ನೂ ಸವರಿಹಾಕುತ್ತದೆ. ಜೊತೆಗೆ ಖಂಡಿತ ನೆಗೆಟಿವ್ ಇರುವ ಸೀರಂ, ಖಂಡಿತ ಪಾಸಿಟಿವ್ ಇರುವ ಸೀರಂ, ರೋಗಿಯದೇ ಜೀವಕೋಶದ ಮೇಲೆ ರೋಗಿಯದೇ ಸೀರಂ. ನೆಗೆಟಿವ್ ಕಂಟ್ರೋಲಿನ ಶಿಖರಕ್ಕಿಂತ ರೋಗಿಯ ಶಿಖರ ಎಷ್ಟು ಬಲಕ್ಕೆ ಸರಿದಿದೆ ಅನ್ನುವುದೇ ಉತ್ತರ. ಕಂಟ್ರೋಲ್ ಹದ ತಪ್ಪಿದ್ದರೆ ಸರ್ಜನ್ ಎಷ್ಟು ಸಲ ಫೋನ್ ಮಾಡಿದರೂ ವರದಿ ಹೋಗುವುದಿಲ್ಲ, ಮತ್ತೆ ಮೊದಲಿನಿಂದ.

ಮಣಿಗಳ ಪರೀಕ್ಷೆಯೂ ಮೋಸ ಮಾಡುತ್ತದೆ. ಒಂದೊಂದು ಮಣಿಯ ಮೇಲೆ ಒಂದೊಂದು ಎಚ್‌ಎಲ್‌ಎ ಇರುತ್ತದೆ, ರೋಗಿಯ ಪ್ರತಿಕಾಯ ಯಾವುದಕ್ಕೆ ಅಂಟಿತೋ ಆ ಮಣಿ ಬೆಳಗುತ್ತದೆ. ವಿಚಿತ್ರವೆಂದರೆ ಪ್ರತಿಕಾಯ ತೀರಾ ಹೆಚ್ಚಿದ್ದಾಗ ಕೆಲವೊಮ್ಮೆ ಮಣಿ ಮಂಕಾಗುತ್ತದೆ. ಸೀರಂನಲ್ಲಿರುವ ಕಾಂಪ್ಲಿಮೆಂಟ್ ಪ್ರೋಟೀನುಗಳು ಪ್ರತಿಕಾಯದ ಮೇಲೆ ಕೂತು, ನಮ್ಮ ಬಣ್ಣ ಅಂಟಲು ಜಾಗವೇ ಬಿಡುವುದಿಲ್ಲ. ಸೀರಂ ತೆಳು ಮಾಡಿದರೆ ಇಲ್ಲವೇ ಕಾಂಪ್ಲಿಮೆಂಟನ್ನು ತಡೆಯುವ ಇಡಿಟಿಎ ರಾಸಾಯನಿಕ ಹಾಕಿದರೆ ಅದೇ ಮಣಿ ಝಗ್ಗನೆ ಹೊತ್ತಿಕೊಳ್ಳುತ್ತದೆ. ಇದನ್ನು ಮೊದಲ ಸಲ ನನ್ನ ಕೈಯಾರೆ ನೋಡಿದಾಗ, ನೂರು ಪಟ್ಟು ತೆಳುವಾದ ಸೀರಂ ಗಟ್ಟಿ ಸೀರಂಗಿಂತ ಹೆಚ್ಚು ಪ್ರಖರವಾಗಿ ಕಂಡಾಗ, ಆ "ಏನನ್ನು ಹೇಳಲು ಬರುವುದಿಲ್ಲ" ಪ್ರಶ್ನೆಪತ್ರಿಕೆ ಬರೆದ ಮೇಡಂಗೆ ಗ್ರಾಫಿನ ಫೋಟೋ ಕಳಿಸಿದೆ. "ಮುಂದಿನ ಪರೀಕ್ಷೆಗೆ ಹಾಕ್ತೀನಿ" ಅಂತ ಉತ್ತರ ಬಂತು.

ಈ ಕೆಲಸದಲ್ಲಿ ಇಲ್ಲದ್ದು ಏನು ಅಂತಲೂ ಹೇಳಬೇಕು. ಪ್ರಶ್ನೆ ನಮ್ಮದಲ್ಲ, ಆಸ್ಪತ್ರೆಯದು. ವಿಧಾನವನ್ನು ನಮ್ಮ ಮನಸ್ಸಿಗೆ ಬಂದಂತೆ ಬದಲಿಸುವ ಹಾಗಿಲ್ಲ; ಒಂದು ರಾಸಾಯನಿಕದ ಬ್ಯಾಚ್ ಬದಲಾದರೂ ಹಳೆಯದರ ಜೊತೆ ಇಟ್ಟು ಹೋಲಿಸಿ ದಾಖಲಿಸಬೇಕು. ಹೊರಗಿನ ಸಂಸ್ಥೆಗಳು ಉತ್ತರ ಹೇಳದೆ ಮಾದರಿಗಳನ್ನು ಕಳಿಸಿ ನಮ್ಮನ್ನು ಪರೀಕ್ಷಿಸುತ್ತಿರುತ್ತವೆ. ಕಾಗದ, ಸಹಿ, ದಿನಾಂಕ, ಮತ್ತೆ ಕಾಗದ. ಸಂಶೋಧನೆಯ ಸ್ವಾತಂತ್ರ್ಯ ಬಯಸುವವರಿಗೆ ಇದು ಉಸಿರುಗಟ್ಟಿಸುತ್ತದೆ, ಒಬ್ಬಿಬ್ಬರು ಬಿಟ್ಟೂ ಹೋದರು. ನನಗೆ ಹೊಂದುತ್ತದೆ. ಪ್ರಬಂಧ ಪ್ರಕಟವಾಗಲು ವರ್ಷ ಕಾಯುವುದಕ್ಕಿಂತ ಬೆಳಗಾಗುವಷ್ಟರಲ್ಲಿ ಉತ್ತರ ಬೇಕಾಗುವ ಪ್ರಶ್ನೆ ನನ್ನ ಸ್ವಭಾವಕ್ಕೆ ಸರಿ.

ಈಗ ಓದುತ್ತಿರುವವರು ಕೇಳಿದರೆ ನಾನು ಹೇಳುವುದು ಹೀಗೆ: ಡಿಸರ್ಟೇಷನ್ನಿಗೆ ಲ್ಯಾಬ್ ಆರಿಸುವಾಗ ವಿಷಯದ ಹೆಸರು ಎಷ್ಟು ಚಂದ ಇದೆ ಅಂತ ನೋಡಬೇಡಿ. ಅಲ್ಲಿ ಯಾವ ತಂತ್ರ ನಿಮ್ಮ ಕೈಗೆ ಬರುತ್ತದೆ, ಗೈಡ್ ವಿದ್ಯಾರ್ಥಿಗಳ ಕಚ್ಚಾ ದತ್ತಾಂಶವನ್ನು ಕೂತು ನೋಡುತ್ತಾರಾ ಅಂತ ಅಲ್ಲಿನ ಸೀನಿಯರುಗಳ ಹತ್ತಿರ ವಿಚಾರಿಸಿ. ಸಂಖ್ಯಾಶಾಸ್ತ್ರದ ಕ್ಲಾಸ್ ತಪ್ಪಿಸಬೇಡಿ. ಸೇರಿದ ಮೊದಲ ವಾರ ನೀವೇ ಬರೆದುಕೊಂಡ ಲ್ಯಾಬ್ ನೋಟ್‌ಬುಕ್ ಇಟ್ಟುಕೊಳ್ಳಿ, ಸಂದರ್ಶನಕ್ಕೆ ಹೋಗುವಾಗ ಅದೇ ಒಳ್ಳೆಯ ಗೈಡು.

ನನ್ನ ಕೆಲಸವೂ ಇದ್ದ ಹಾಗೇ ಇರುವುದಿಲ್ಲ. ದಾಖಲಾದ ಎಚ್‌ಎಲ್‌ಎ ರೂಪಗಳು 30,000 ದಾಟಿವೆ, ದಿನೇ ದಿನೇ ಹೊಸವು ಸೇರುತ್ತಿವೆ. ಡಿಎನ್‌ಎ ಓದುವ ನ್ಯಾನೋಪೋರ್ ಸೀಕ್ವೆನ್ಸಿಂಗ್ ಬಂದ ಮೇಲೆ ದಾನಿಯ ಎಚ್‌ಎಲ್‌ಎಯನ್ನು ಕೆಲವೇ ಗಂಟೆಗಳಲ್ಲಿ ಓದಿ, ರೋಗಿಯ ಮಣಿ ಪರೀಕ್ಷೆಯ ಜೊತೆ ತಾಳೆ ನೋಡಿ, ಜೀವಕೋಶ ಮುಟ್ಟದೆಯೇ ಕ್ರಾಸ್‌ಮ್ಯಾಚ್ ಊಹಿಸುವುದು ಹೆಚ್ಚುತ್ತಿದೆ. ಹಾಗಾಗಿ ಪಾಳಿ ಇಲ್ಲದ ಸಂಜೆಗಳಲ್ಲಿ ಪೈಥಾನ್ ಕಲಿಯುತ್ತಿದ್ದೇನೆ, ಬ್ಯಾಚಿನ ಆ ಕೋಡ್ ಬರೆಯುವವನೇ ಗುರು. ಸಾಫ್ಟ್‌ವೇರ್ "ಹೊಂದಾಣಿಕೆ ಇದೆ" ಅಂದ ಮಾದರಿಗಳನ್ನು ಹಳೆಯ ಟ್ಯೂಬುಗಳ ಫಲಿತಾಂಶದ ಎದುರು ಇಟ್ಟು ನೋಡುವ ಪ್ರೋಗ್ರಾಂ ಬರೆಯುವುದು ಸದ್ಯದ ಹೋಮ್‌ವರ್ಕ್. ಎರಡೂ ಬಹುಪಾಲು ಒಂದನ್ನೇ ಹೇಳುತ್ತವೆ. ಒಂದನ್ನೊಂದು ಒಪ್ಪದ ಮಾದರಿಗಳನ್ನು ಬೇರೆ ಫೋಲ್ಡರಿಗೆ ಹಾಕಿಟ್ಟಿದ್ದೇನೆ, ಮೊದಲು ಆ ರೋಗಿಗಳ ಔಷಧದ ಪಟ್ಟಿ ತರಿಸಬೇಕು.